ಶ್ವಾಸಕೋಶದ ಸೋಂಕು, ಮಿದುಳಿನ ಕಾವಲು

(ಕೋಲಾರದಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮುಖ್ಯವಾದ ಎರಡನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಿದುಳು ಜ್ವರ ಎಂದರೇನು ಎಂದು ಕೋಲಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಕೊನೆಯಲ್ಲಿ ಈ ಜಿಲ್ಲೆಯಲ್ಲಿ ಜಪಾನೀಸ್ ಎನ್‌ಸೆಫಲೈಟಿಸ್ ಹಬ್ಬಿದ್ದನ್ನು ಕಂಡ ಹಿರಿಯರು ಈ ಸಭೆಯಲ್ಲೇ ಇದ್ದೀರಿ. ಭತ್ತದ ಗದ್ದೆಯಲ್ಲಿ ನಿಂತ ನೀರು, ಅದರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ, ಹಂದಿ ಮತ್ತು ಬೆಳ್ಳಕ್ಕಿಗಳ ರಕ್ತದಲ್ಲಿ ಬೆಳೆಯುವ ವೈರಸ್, ಕೊನೆಗೆ ಜ್ವರ ಏರಿ ಪ್ರಜ್ಞೆ ತಪ್ಪುವ ಮಗು. ಭಾರತದಲ್ಲಿ ಈ ಕಾಯಿಲೆ ಮನುಷ್ಯರಲ್ಲಿ ಮೊದಲು ಪತ್ತೆಯಾಗಿದ್ದು 1955ರಲ್ಲಿ, ನಮ್ಮಿಂದ ಹೆಚ್ಚು ದೂರವಿಲ್ಲದ ವೆಲ್ಲೂರಿನಲ್ಲಿ. ಬದುಕುಳಿದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮಾತು ಮರಳಲಿಲ್ಲ, ಕೈಕಾಲು ಸ್ವಾಧೀನಕ್ಕೆ ಬರಲಿಲ್ಲ. ಇಂದು ಇದಕ್ಕೆ ಲಸಿಕೆ ಇದೆ.

ಆ ಕಾಯಿಲೆ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರವನ್ನು ಬಿಟ್ಟುಹೋಗಿದೆ. ವೈರಸ್ ಮಿದುಳಿನೊಳಕ್ಕೆ ನುಗ್ಗುತ್ತದೆ, ಅಲ್ಲಿ ನರಕೋಶಗಳನ್ನು ಕೊಲ್ಲುತ್ತದೆ, ಆದ್ದರಿಂದ ಮಿದುಳು ಕೆಡುತ್ತದೆ ಎಂಬ ಚಿತ್ರ. ಜಪಾನೀಸ್ ಎನ್‌ಸೆಫಲೈಟಿಸ್‌ನ ಮಟ್ಟಿಗೆ ಅದು ಸರಿ. ಆದರೆ ಫ್ಲೂ, ಕೋವಿಡ್‌ನಂಥ ಉಸಿರಾಟದ ಸೋಂಕುಗಳನ್ನು ಇದೇ ಕಣ್ಣಿನಿಂದ ನೋಡಿದಾಗ ಎಡವುತ್ತೇವೆ. «ವೈರಸ್ ಇರುವುದು ಗಂಟಲಲ್ಲಿ, ಶ್ವಾಸಕೋಶದಲ್ಲಿ. ಮಿದುಳಿಗೆ ಹೋಗಿಲ್ಲವಲ್ಲ, ಹಾಗಾದರೆ ಮರೆವು, ಮಂಕು ಎನ್ನುವುದೆಲ್ಲ ನಿಮ್ಮ ಭ್ರಮೆ» ಎಂದುಬಿಡುತ್ತೇವೆ. ವೈರಸ್ ಮಿದುಳಿಗೆ ಕಾಲಿಡದೆಯೂ ಮಿದುಳಿಗೆ ಪೆಟ್ಟು ಬೀಳಬಹುದು. ಆ ಪೆಟ್ಟು ಮೊದಲು ಬೀಳುವುದು ಮಿದುಳಿನ ರಕ್ತನಾಳಗಳ ಗೋಡೆಯ ಮೇಲೆ. ಇಂದು ನಾನು ಹೇಳಬೇಕೆಂದಿರುವುದು ಇದನ್ನೇ.

ಆ ಗೋಡೆಯ ವಿಷಯ ಗೊತ್ತಾದ ಬಗೆ ಸ್ವಾರಸ್ಯಕರವಾಗಿದೆ. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣಗಳನ್ನು ಚುಚ್ಚಿ ನೋಡಿದರು. ಯಕೃತ್ತು, ಮೂತ್ರಪಿಂಡ, ಸ್ನಾಯು ಎಲ್ಲವೂ ಬಣ್ಣ ಹಿಡಿದವು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. ಮಿದುಳಿನ ಅಂಗಾಂಶಕ್ಕೆ ಬಣ್ಣ ಹಿಡಿಯುವ ಗುಣವೇ ಇಲ್ಲ ಎಂದು ಅವರು ಭಾವಿಸಿದರು. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಪ್ರಯೋಗವನ್ನು ತಿರುಗಿಸಿ ಮಾಡಿದರು. ಟ್ರಿಪಾನ್ ನೀಲಿಯನ್ನು ರಕ್ತಕ್ಕೆ ಹಾಕುವ ಬದಲು ಮಿದುಳನ್ನು ಸುತ್ತುವರಿದ ದ್ರವಕ್ಕೇ ಹಾಕಿದರು. ಈಗ ಮಿದುಳು ನೀಲಿಯಾಯಿತು, ಉಳಿದ ದೇಹಕ್ಕೆ ಬಣ್ಣ ಇಳಿಯಲಿಲ್ಲ. ಅಂದರೆ ಮಿದುಳು ಬಣ್ಣ ಹಿಡಿಯುತ್ತದೆ, ರಕ್ತಕ್ಕೂ ಅದಕ್ಕೂ ನಡುವೆ ಏನೋ ಅಡ್ಡ ನಿಂತಿದೆ! ಆ ಅಡ್ಡವನ್ನು ಕಣ್ಣಾರೆ ಕಾಣಲು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. 1967ರಲ್ಲಿ ಥಾಮಸ್ ರೀಸ್ ಮತ್ತು ಮಾರಿಸ್ ಕಾರ್ನೋವ್‌ಸ್ಕಿ ಇಲಿಯ ಮಿದುಳಿನ ಅತಿಸೂಕ್ಷ್ಮ ರಕ್ತನಾಳಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನಾಳದ ಒಳಪದರದ ಜೀವಕೋಶಗಳು ಒಂದನ್ನೊಂದು ಸಂಧಿಸುವ ಅಂಚುಗಳಲ್ಲಿ ಬೆಸೆದುಕೊಂಡಿರುವುದು ಕಾಣಿಸಿತು. ಅವರು ರಕ್ತಕ್ಕೆ ಹಾಕಿದ್ದ ಪ್ರೋಟೀನು ಆ ಬೆಸುಗೆಯವರೆಗೆ ಬಂದು ಅಲ್ಲಿಯೇ ನಿಂತಿತ್ತು.

ಈ ಅತಿಸೂಕ್ಷ್ಮ ರಕ್ತನಾಳಗಳನ್ನು ಲೋಮನಾಳ ಎನ್ನುತ್ತಾರೆ. ದೇಹದ ಬೇರೆ ಕಡೆಯ ಲೋಮನಾಳಗಳಲ್ಲಿ ಕೋಶಗಳ ನಡುವೆ ಸಣ್ಣ ಸಂದುಗಳಿರುತ್ತವೆ. ಅವುಗಳ ಮೂಲಕ ದ್ರವ ಹೊರಗೆ ಬರುತ್ತದೆ, ಗಾಯವಾದಾಗ ಊತ ಬರುವುದೂ ಹೀಗೆಯೇ. ಮಿದುಳಿನ ಲೋಮನಾಳಗಳಲ್ಲಿ ಆ ಸಂದುಗಳನ್ನು ಕ್ಲಾಡಿನ್-5, ಆಕ್ಲುಡಿನ್ ಮುಂತಾದ ಪ್ರೋಟೀನುಗಳು ಮುಚ್ಚಿರುತ್ತವೆ. ಹೊರಗಿನಿಂದ ಪೆರಿಸೈಟ್ ಎಂಬ ಕೋಶಗಳು ನಾಳವನ್ನು ತಬ್ಬಿಕೊಂಡಿರುತ್ತವೆ. ಅದರಾಚೆಗೆ ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಎಂಬ ಕೋಶಗಳು ತಮ್ಮ ಪಾದಗಳನ್ನು ಊರಿರುತ್ತವೆ. ಒಬ್ಬ ವಯಸ್ಕನ ಮಿದುಳಿನಲ್ಲಿರುವ ಈ ಲೋಮನಾಳಗಳನ್ನು ಒಂದರ ತುದಿಗೆ ಒಂದು ಸೇರಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದೆ ಎಂದು ಅಂದಾಜು. ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದಾಗಿ ಮಾತ್ರ ಹೋಗಬಲ್ಲಷ್ಟು ಕಿರಿದು ಅವು. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮಿದುಳು ದೇಹಕ್ಕೆ ಬೇಕಾದ ಆಮ್ಲಜನಕದಲ್ಲಿ ಶೇ 20ರಷ್ಟನ್ನು ಬಳಸುತ್ತದೆ. ಅದಕ್ಕೇ ಇಷ್ಟು ದಟ್ಟವಾದ ಜಾಲ ಬೇಕು.

ಇದು ಬರೀ ತಡೆಯಲ್ಲ ಎಂಬುದನ್ನು ತಿಳಿಯಲು ನಮ್ಮ ಜಿಲ್ಲೆಯ ಕೆರೆಗಳನ್ನು ನೆನೆಯಿರಿ. ಏರಿ ನೀರನ್ನು ತಡೆಯುತ್ತದೆ, ನಿಜ. ಆದರೆ ಕೆರೆ ಕಟ್ಟಿದ್ದು ತೂಬಿನಿಂದ ಗದ್ದೆಗೆ ಬೇಕಾದಷ್ಟು ನೀರು ಬಿಡುವುದಕ್ಕೆ. ನೀರುಗಂಟಿ ಎಷ್ಟು ಎತ್ತಿದರೆ ಅಷ್ಟೇ ನೀರು. ಮಿದುಳಿನ ನಾಳದ ಗೋಡೆಯಲ್ಲಿಯೂ ಇಂಥ ತೂಬುಗಳಿವೆ. ಗ್ಲೂಕೋಸ್‌ಗೆ ಒಂದು, ಅಮೈನೋ ಆಮ್ಲಗಳಿಗೆ ಒಂದು, ಕಬ್ಬಿಣಕ್ಕೆ ಒಂದು. ಒಳಗೆ ನುಸುಳಿದ್ದನ್ನು ಹಿಡಿದು ಮತ್ತೆ ರಕ್ತಕ್ಕೆ ತಳ್ಳುವ ಪಂಪುಗಳೂ ಇವೆ.

ಈ ಪಂಪುಗಳ ಕೆಲಸವನ್ನು ನೀವೆಲ್ಲರೂ ಅನುಭವಿಸಿದ್ದೀರಿ. ನೆಗಡಿಗೆಂದು ಕ್ಲೋರ್‌ಫೆನಿರಮಿನ್ ಇರುವ ಹಳೆಯ ಕಾಲದ ಮಾತ್ರೆ ನುಂಗಿದರೆ ಕಣ್ಣು ಎಳೆಯುತ್ತದೆ, ಯಾಕೆಂದರೆ ಅದು ಸಲೀಸಾಗಿ ಮಿದುಳಿಗೆ ದಾಟುತ್ತದೆ. ಫೆಕ್ಸೊಫೆನಡಿನ್ ಎಂಬ ಹೊಸ ಮಾತ್ರೆಯೂ ಹಳೆಯದರಂತೆ ಮೂಗು ಸೋರಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನೇ ತಡೆಯುತ್ತದೆ, ಆದರೆ ಅದು ಒಳಗೆ ಹೋಗದಂತೆ ಪಂಪುಗಳು ತಳ್ಳಿಬಿಡುತ್ತವೆ. ಹೀಗಾಗಿ ನಿದ್ದೆ ಬರುವುದಿಲ್ಲ. ಕೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆಗೆ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೊರತೆ ಕಾರಣವಾದರೂ ಡೋಪಮಿನ್ನನ್ನೇ ಮಾತ್ರೆಯಾಗಿ ಕೊಟ್ಟರೆ ಉಪಯೋಗವಿಲ್ಲ, ಅದು ಗೋಡೆ ದಾಟುವುದಿಲ್ಲ. ಅದಕ್ಕಾಗಿ ದಾಟಬಲ್ಲ ಲೆವೊಡೋಪಾ ಕೊಡುತ್ತಾರೆ. ಅದು ಒಳಗೆ ಹೋದ ಮೇಲೆ ಡೋಪಮಿನ್ ಆಗುತ್ತದೆ.

ಈಗ ಸೋಂಕಿನ ವಿಷಯಕ್ಕೆ ಬರೋಣ.

ಫ್ಲೂ ವೈರಸ್ ನಿಮ್ಮ ಮೂಗು, ಗಂಟಲಿನ ಕೋಶಗಳಲ್ಲಿ ಬೆಳೆಯಲು ತೊಡಗಿದ ಕೂಡಲೇ ಆ ಕೋಶಗಳು, ರೋಗನಿರೋಧಕ ಕೋಶಗಳು ಸೇರಿ ಸೈಟೊಕೈನ್ ಎಂಬ ಸಂದೇಶದ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಮುಂತಾದವು. ರಕ್ತದಲ್ಲಿ ಸುತ್ತುತ್ತಾ ಅವು ಮಿದುಳಿನ ನಾಳಗಳಿಗೂ ಬರುತ್ತವೆ. ಆ ನಾಳಗಳ ಒಳಪದರದ ಕೋಶಗಳಲ್ಲಿ ಈ ಸಂದೇಶಗಳನ್ನು ಗುರುತಿಸುವ ಗ್ರಾಹಕಗಳಿವೆ. ಗುರುತಿಸಿದ ಕೋಶ ಪ್ರೋಸ್ಟಗ್ಲಾಂಡಿನ್ ಇ-2 ಎಂಬ ರಾಸಾಯನಿಕವನ್ನು ಮಿದುಳಿನ ಕಡೆಗೆ ಬಿಡುತ್ತದೆ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಅದನ್ನು ಕಂಡು ಮೈಯ ಉಷ್ಣತೆಯನ್ನು ಏರಿಸುತ್ತದೆ. ಪ್ಯಾರಸಿಟಮಾಲ್ ಜ್ವರ ಇಳಿಸುವುದು ಈ ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನು ಕಡಿಮೆ ಮಾಡಿ.

ಈ ಸಂಗತಿಯನ್ನು ಸ್ವಲ್ಪ ಯೋಚಿಸಿ. ಪ್ರತಿ ಸಾಧಾರಣ ಜ್ವರದಲ್ಲಿಯೂ ವೈರಸ್ ಗಂಟಲಲ್ಲೇ ಇರುತ್ತದೆ, ಆದರೆ ಮಿದುಳಿಗೆ ವಿಷಯ ಮುಟ್ಟಿರುತ್ತದೆ. ಮುಟ್ಟಿಸಿದ್ದು ಅದೇ ನಾಳದ ಗೋಡೆ. ಹಸಿವು ಸಾಯುತ್ತದೆ, ಯಾರ ಮಾತೂ ಬೇಡವೆನಿಸುತ್ತದೆ, ಕಂಬಳಿ ಹೊದ್ದು ಮೂಲೆ ಹಿಡಿದು ಮಲಗಬೇಕೆನಿಸುತ್ತದೆ. ಇದು ದೇಹ ತನ್ನ ಶಕ್ತಿಯನ್ನು ಉಳಿಸಿಕೊಳ್ಳಲು ಮಿದುಳಿನಿಂದ ಮಾಡಿಸುವ ಕೆಲಸ. ಜ್ವರ ಬಂದ ಸೊಸೆ ಮಲಗಿದರೆ ಸೋಮಾರಿ ಎನ್ನುವ ಮನೆಗಳು ಇನ್ನೂ ಇವೆ. ಅಂಥ ಮನೆಯವರ ಕಿವಿಗೆ ಈ ವಿಷಯ ಬೀಳಲಿ ಎಂದು ನನಗೆ ನಿಜವಾಗಿಯೂ ಆಸೆ.

ಇಲ್ಲಿಯವರೆಗೆ ಎಲ್ಲವೂ ಸಹಜ. ಸೈಟೊಕೈನ್‌ಗಳು ಮಿತಿ ಮೀರಿದಾಗ, ಅಥವಾ ಬಹಳ ಕಾಲ ಉಳಿದಾಗ ಗೋಡೆ ಸಡಿಲಗೊಳ್ಳುತ್ತದೆ. ಒಳಪದರದ ಕೋಶಗಳು ತಮ್ಮ ಮೈಮೇಲೆ ಅಂಟುವ ಪ್ರೋಟೀನುಗಳನ್ನು ಮೂಡಿಸಿಕೊಳ್ಳುತ್ತವೆ. ಬಿಳಿ ರಕ್ತಕಣಗಳು ಬಂದು ಅಲ್ಲಿ ಅಂಟಿಕೊಳ್ಳುತ್ತವೆ. ಕ್ಲಾಡಿನ್-5 ಕಡಿಮೆಯಾಗುತ್ತದೆ. ಎಂಎಂಪಿ-9 ಎಂಬ ಕಿಣ್ವ ನಾಳವನ್ನು ಹೊರಗಿನಿಂದ ಹಿಡಿದಿರುವ ತೆಳುಪೊರೆಯನ್ನು ಕರಗಿಸುತ್ತದೆ. ರಕ್ತದಲ್ಲಿ ಮಾತ್ರ ಇರಬೇಕಾದ ಫೈಬ್ರಿನೋಜೆನ್ ಎಂಬ ಪ್ರೋಟೀನು ಮಿದುಳಿನ ಅಂಗಾಂಶಕ್ಕೆ ಸೋರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು ಅದು. ಗಾಯವಾದ ಕೈಯಲ್ಲಿ ಅದರಿಂದ ಉಪಕಾರ, ಮಿದುಳಿನಲ್ಲಿ ಅಪಾಯ. ಮಿದುಳಿನ ಸ್ವಂತ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ ಫೈಬ್ರಿನ್ನನ್ನು ಕಂಡರೆ ಕೆರಳುತ್ತವೆ. ಕೆರಳಿದ ಮೈಕ್ರೋಗ್ಲಿಯಾ ನರಕೋಶಗಳ ನಡುವಿನ ಸಂಪರ್ಕಗಳಿಗೆ ಹಾನಿ ಮಾಡಬಲ್ಲವು.

ಏರಿ ಒಡೆಯುವುದು ಬೇರೆ, ಜಿನುಗುವುದು ಬೇರೆ. ಮಿದುಳಿನಲ್ಲಿ ಎರಡೂ ಆಗುತ್ತವೆ.

ಒಡೆಯುವುದಕ್ಕೆ ಉದಾಹರಣೆ ಫ್ಲೂ ಬಂದ ಚಿಕ್ಕ ಮಕ್ಕಳಲ್ಲಿ ಅಪರೂಪವಾಗಿ ಕಾಣುವ ಒಂದು ಭೀಕರ ಸ್ಥಿತಿ. ಜಪಾನಿನ ವೈದ್ಯ ಮಿಜುಗುಚಿ ಮತ್ತು ಸಂಗಡಿಗರು 1995ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಜ್ವರ ಬಂದ ಒಂದೆರಡು ದಿನಗಳಲ್ಲೇ ಮಗುವಿಗೆ ಫಿಟ್ಸ್ ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ಸ್ಕ್ಯಾನ್ ಮಾಡಿದರೆ ಮಿದುಳಿನ ನಡುವಿನ ಥಲಾಮಸ್ ಭಾಗದಲ್ಲಿ ಎಡಕ್ಕೂ ಬಲಕ್ಕೂ ಒಂದೇ ರೀತಿಯ ಊತ, ಕೊಳೆತ ಕಾಣುತ್ತದೆ. ಆದರೆ ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಿದರೆ ಸಾಮಾನ್ಯವಾಗಿ ಅದರಲ್ಲಿ ಫ್ಲೂ ವೈರಸ್ ಸಿಗುವುದಿಲ್ಲ. ಸಿಗುವುದು ಹೆಚ್ಚಿದ ಪ್ರೋಟೀನು. ವೈರಸ್ ಶ್ವಾಸನಾಳದಲ್ಲಿದ್ದು ಎಬ್ಬಿಸಿದ ಸೈಟೊಕೈನ್ ಬಿರುಗಾಳಿಗೆ ಮಿದುಳಿನ ನಾಳಗಳು ಏಕಾಏಕಿ ಸೋರಿಬಿಟ್ಟಿರುತ್ತವೆ. ಕೆಲವು ಕುಟುಂಬಗಳಲ್ಲಿ ರಾನ್‌ಬಿಪಿ-2 ಎಂಬ ಜೀನಿನ ದೋಷದಿಂದ ಇದು ಮರುಕಳಿಸುವುದೂ ಉಂಟು. ಫ್ಲೂ ಬಂದ ಮಕ್ಕಳಲ್ಲಿ ಬಹುಪಾಲು ಮಂದಿ ಏನೂ ಆಗದೆ ಎದ್ದು ಓಡಾಡುತ್ತಾರೆ, ಗಾಬರಿ ಬೇಡ. ಲಕ್ಷಣ ಮಾತ್ರ ಗೊತ್ತಿರಲಿ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಫ್ಲೂ ಅಥವಾ ಸೀತಾಳೆ ಸಿಡುಬು ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ರೈ ಸಿಂಡ್ರೋಮ್ ಎಂಬ, ಯಕೃತ್ತನ್ನೂ ಮಿದುಳನ್ನೂ ಒಟ್ಟಿಗೆ ಕೆಡಿಸುವ ಸ್ಥಿತಿಗೆ ಅದು ದಾರಿ ಮಾಡಬಹುದು. ಮನೆಯಲ್ಲಿ ತಾತನ ಹೃದಯಕ್ಕೆಂದು ಇಟ್ಟಿರುವ ಮಾತ್ರೆಯನ್ನು ಮುರಿದು ಮಗುವಿಗೆ ಕೊಡುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿದ್ದರೆ ಇಂದೇ ನಿಲ್ಲಿಸಿ.

ಇನ್ನು ಜಿನುಗುವುದು. ಇಲ್ಲಿ ಕೋವಿಡ್ ನಮಗೆ ಬಹಳ ಕಲಿಸಿತು, ತುಂಬಾ ದುಬಾರಿ ಬೆಲೆ ತೆಗೆದುಕೊಂಡು ಕಲಿಸಿತು.

2020ರ ಕೊನೆಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅವೀಂದ್ರ ನಾಥ್ ಮತ್ತು ಸಂಗಡಿಗರು ಕೋವಿಡ್‌ನಿಂದ ಸತ್ತವರ ಮಿದುಳುಗಳನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಸೂಕ್ಷ್ಮ ನಾಳಗಳು ಹಾನಿಗೊಂಡಿದ್ದವು, ಸುತ್ತ ಫೈಬ್ರಿನೋಜೆನ್ ಸೋರಿತ್ತು. ಮಿದುಳಿನಲ್ಲಿ ವೈರಸ್ಸಿಗಾಗಿ ಹುಡುಕಿದರು, ಸಿಗಲಿಲ್ಲ. ಹಾನಿ ಕಣ್ಣೆದುರಿಗಿದೆ, ವೈರಸ್ ಇಲ್ಲ. ಮರುವರ್ಷ ಜರ್ಮನಿಯ ಲ್ಯೂಬೆಕ್‌ನ ತಂಡ ಇನ್ನೊಂದು ಸುಳಿವು ಕೊಟ್ಟಿತು. ಕೊರೊನಾ ವೈರಸ್ ತನ್ನ ಪ್ರೋಟೀನುಗಳನ್ನು ತುಂಡರಿಸಿಕೊಳ್ಳಲು ಬಳಸುವ ಕಿಣ್ವವೊಂದಿದೆ. ಆ ಕಿಣ್ವ ಮಿದುಳಿನ ನಾಳದ ಕೋಶಕ್ಕೆ ಸಿಕ್ಕರೆ, ಕೋಶವನ್ನು ಬದುಕಿಸಿಡುವ ನೀಮೋ ಎಂಬ ಪ್ರೋಟೀನನ್ನೂ ಕತ್ತರಿಸಿಹಾಕುತ್ತದೆ. ಕೋಶ ಸಾಯುತ್ತದೆ. ನಾಳ ಇದ್ದ ಜಾಗದಲ್ಲಿ ರಕ್ತ ಹರಿಯದ ಖಾಲಿ ಪೊರೆಯ ಎಳೆ ಮಾತ್ರ ಉಳಿಯುತ್ತದೆ. ಕೋವಿಡ್ ರೋಗಿಗಳ ಮಿದುಳುಗಳಲ್ಲಿ ಇಂಥ ಎಳೆಗಳು ಹೆಚ್ಚಾಗಿದ್ದುದನ್ನು ಅವರು ತೋರಿಸಿದರು.

ವಾಸನೆ ಹೋದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಮೂಗಿನ ಒಳಗಿನ ಮೇಲ್ಭಾಗದಿಂದ ಮಿದುಳಿಗೆ ವಾಸನೆಯ ನರ ನೇರವಾಗಿ ಹೋಗುವುದರಿಂದ ವೈರಸ್ ಅದೇ ದಾರಿಯಲ್ಲಿ ಒಳಗೆ ಹೋಗಿದೆ ಎಂದು ಮೊದಲಿಗೆ ಎಲ್ಲರೂ ಅಂದುಕೊಂಡರು. ಆದರೆ ವೈರಸ್ ಹಿಡಿಯುವ ಎಸಿಇ-2 ಗ್ರಾಹಕ ವಾಸನೆಯ ನರಕೋಶಗಳಲ್ಲಿ ಇರಲಿಲ್ಲ. ಅವುಗಳಿಗೆ ಆಸರೆಯಾಗಿ ನಿಂತ ಪಕ್ಕದ ಕೋಶಗಳಲ್ಲಿತ್ತು. ಆಸರೆ ಬಿದ್ದಾಗ ನರಕೋಶ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸಿತು. ಇಲ್ಲಿಯೂ ಅದೇ ಕಥೆ. ಪೆಟ್ಟು ನರಕ್ಕೆ ಬಿದ್ದಿಲ್ಲ, ನರವನ್ನು ನೋಡಿಕೊಳ್ಳುವವರಿಗೆ ಬಿದ್ದಿದೆ.

ಕೋವಿಡ್ ವಾಸಿಯಾಗಿ ತಿಂಗಳುಗಳು ಕಳೆದ ಮೇಲೂ ಉಳಿದ ಮಂಕಿನ ಬಗ್ಗೆ ಈಗ ಹೇಳಬೇಕು. ನನ್ನ ಪರಿಚಯದವರೊಬ್ಬರು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು. ಬೆಳಗಿನ ಹರಾಜಿನಲ್ಲಿ ಅವರ ಕೆಲಸ ನೋಡಿದವರಿಗೆ ಗೊತ್ತು. ಯಾವ ರೈತನ ಎಷ್ಟು ಬಾಕ್ಸ್, 15 ಕಿಲೋ ಬಾಕ್ಸಿಗೆ ಯಾವ ದರಕ್ಕೆ ಹೋಯಿತು, ಕೊಂಡವರು ಯಾರು, ಕಮಿಷನ್ ಎಷ್ಟು, ಎಲ್ಲವೂ ಕೂಗಾಟದ ನಡುವೆ ಅವರ ತಲೆಯಲ್ಲಿ ನಿಲ್ಲುತ್ತಿತ್ತು, ಆಮೇಲೆ ಚೀಟಿಗೆ ಇಳಿಯುತ್ತಿತ್ತು. ಎರಡನೇ ಅಲೆಯಲ್ಲಿ ಅವರಿಗೆ ಕೋವಿಡ್ ಬಂತು. ಆಸ್ಪತ್ರೆ ಸೇರಬೇಕಾಗಲಿಲ್ಲ, ಮನೆಯಲ್ಲೇ ವಾಸಿಯಾಯಿತು. ಮತ್ತೆ ಮಂಡಿಗೆ ಹೋದಾಗ ರೈತನ ಹೆಸರು ಬರೆದು ಬಾಕ್ಸಿನ ಸಂಖ್ಯೆ ಬರೆಯುವಷ್ಟರಲ್ಲಿ ದರ ಮರೆತುಹೋಗುತ್ತಿತ್ತು. ಪಕ್ಕದವರನ್ನು ಕೇಳಿ ಬರೆದರೆ, ಅದು ಇದೇ ರೈತನದೋ ಹಿಂದಿನವನದೋ ಎಂಬ ಅನುಮಾನ. ಮಧ್ಯಾಹ್ನಕ್ಕೆ ತಲೆ ಭಾರವಾಗಿ ಕುಳಿತುಬಿಡುತ್ತಿದ್ದರು. ತೋರಿಸಿದ ಕಡೆಯೆಲ್ಲ «ಎಲ್ಲ ರಿಪೋರ್ಟೂ ಸರಿ ಇದೆ, ಯೋಚನೆ ಮಾಡುವುದನ್ನು ಬಿಡಿ» ಎಂದೇ ಹೇಳಿದರು. ಕೊನೆಗೆ ಅವರಿಗೇ ತಮ್ಮ ಮೇಲೆ ನಂಬಿಕೆ ಹೋಗಿತ್ತು.

ಸಾಮಾನ್ಯ ರಿಪೋರ್ಟಿನಲ್ಲಿ ಇದು ಕಾಣುವುದಿಲ್ಲ. 2024ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮ್ಯಾಥ್ಯೂ ಕ್ಯಾಂಪ್‌ಬೆಲ್, ಕಾಲಿನ್ ಡೊಹರ್ಟಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಅದನ್ನು ಕಾಣಿಸಿತು. ಅವರು ಬಳಸಿದ್ದು ವಿಶೇಷ ಬಗೆಯ ಎಂಆರ್‌ಐ. ರಕ್ತಕ್ಕೆ, ಚಿತ್ರದಲ್ಲಿ ಎದ್ದು ಕಾಣುವ ಗಡೋಲಿನಿಯಂ ಎಂಬ ಲೋಹ ಇರುವ ದ್ರವವನ್ನು ಚುಚ್ಚಿ, ಒಂದೇ ಚಿತ್ರ ತೆಗೆದು ಮುಗಿಸದೆ, ನಿಮಿಷಗಟ್ಟಲೆ ಒಂದರ ಮೇಲೊಂದು ಚಿತ್ರ ತೆಗೆಯುತ್ತಾ ಹೋಗುತ್ತಾರೆ. ಗೋಡೆ ಸರಿಯಾಗಿದ್ದರೆ ಗಡೋಲಿನಿಯಂ ನಾಳದಲ್ಲೇ ಹರಿದು ಮುಂದೆ ಹೋಗುತ್ತದೆ. ಸೋರುತ್ತಿದ್ದರೆ ಅದು ಮಿದುಳಿನ ಅಂಗಾಂಶದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರುತ್ತಾ ಬರುತ್ತದೆ. ಎರ್ಲಿಕ್ ಇಲಿ, ಮೊಲಗಳಿಗೆ ಬಣ್ಣ ಹಾಕಿ ನೋಡಿದ್ದನ್ನೇ ಇಂದು ಬದುಕಿರುವ ಮನುಷ್ಯರಲ್ಲಿ ನೋವಿಲ್ಲದೆ ನೋಡುತ್ತಿದ್ದೇವೆ! ಕೋವಿಡ್ ನಂತರ ಮಂಕು ಕವಿದಿದೆ ಎಂದು ಹೇಳುತ್ತಿದ್ದವರ ಮಿದುಳಿನಲ್ಲಿ ಸೋರಿಕೆ ಕಂಡಿತು, ಮುಖ್ಯವಾಗಿ ಕಿವಿಯ ಮೇಲ್ಭಾಗದಲ್ಲಿ ಬರುವ ಟೆಂಪೊರಲ್ ಹಾಲೆಯಲ್ಲಿ ಮತ್ತು ಹಣೆಯ ಹಿಂದಿನ ಭಾಗದಲ್ಲಿ. ನೆನಪು, ಗಮನ ಇವುಗಳಿಗೆ ಸಂಬಂಧಿಸಿದ ಜಾಗಗಳು ಅವು. ಕೋವಿಡ್ ಬಂದು ಪೂರ್ತಿ ಗುಣವಾದವರಲ್ಲಿ ಹೀಗಿರಲಿಲ್ಲ.

ಸ್ಕ್ಯಾನ್ ಮಾಡಿಸಿಕೊಂಡವರು ಕೆಲವೇ ಹತ್ತಾರು ಮಂದಿ. ಇಷ್ಟು ಸಣ್ಣ ಸಂಖ್ಯೆಯ ಮೇಲೆ ದೊಡ್ಡ ತೀರ್ಪು ಕೊಡುವುದು ಸರಿಯಲ್ಲ, ಸೋರಿಕೆಯೇ ಮಂಕಿಗೆ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ನನಗೆ ಈ ಅಧ್ಯಯನ ಮುಖ್ಯವೆನಿಸುವುದು ಬೇರೆ ಕಾರಣಕ್ಕೆ. ಮಂಡಿಯ ಲೆಕ್ಕದವರಂಥವರು ಹೇಳುವ ಮಾತಿಗೂ ಮಿದುಳಿನಲ್ಲಿ ಅಳೆಯಬಹುದಾದ ಬದಲಾವಣೆಗೂ ಸಂಬಂಧ ಇರಬಹುದು ಎಂದು ತೋರಿಸಿತಲ್ಲ, ಅದು ದೊಡ್ಡದು.

ಇದಕ್ಕೆ ಪೂರಕವಾಗಿ ಇನ್ನೆರಡು ಸಂಗತಿಗಳು. ಬ್ರಿಟನ್ನಿನಲ್ಲಿ ಕೋವಿಡ್‌ಗೆ ಮೊದಲೇ ಮಿದುಳಿನ ಸ್ಕ್ಯಾನ್ ಮಾಡಿಸಿಕೊಂಡಿದ್ದ 785 ಮಂದಿಯನ್ನು ಮತ್ತೆ ಕರೆದು ಸ್ಕ್ಯಾನ್ ಮಾಡಿದರು. ಅವರಲ್ಲಿ 401 ಮಂದಿಗೆ ಎರಡು ಸ್ಕ್ಯಾನ್‌ಗಳ ನಡುವೆ ಸೋಂಕು ತಗುಲಿತ್ತು, ಹೆಚ್ಚಿನವರಿಗೆ ಸೌಮ್ಯವಾಗಿ. ಸೋಂಕು ತಗುಲಿದವರಲ್ಲಿ, ವಿಶೇಷವಾಗಿ ವಾಸನೆಗೆ ಸಂಬಂಧಿಸಿದ ಭಾಗಗಳಲ್ಲಿ, ಉಳಿದವರಿಗಿಂತ ಶೇ 0.2ರಿಂದ ಶೇ 2ರಷ್ಟು ಹೆಚ್ಚಿನ ಕುಗ್ಗುವಿಕೆ ಕಂಡಿತು. ಇದು ಗುಂಪಿನ ಸರಾಸರಿ. ಕೋವಿಡ್ ಬಂದ ಪ್ರತಿಯೊಬ್ಬರ ಮಿದುಳೂ ಕುಗ್ಗಿದೆ ಎಂದು ಯಾರೂ ಎದೆ ಒಡೆದುಕೊಳ್ಳಬೇಡಿ. ಇನ್ನೊಂದು, 2022ರಲ್ಲಿ ಅಮೆರಿಕದ ಮಿಶೆಲ್ ಮಾಂಜೆ, ಅಕಿಕೊ ಇವಾಸಾಕಿ ಮತ್ತು ಸಂಗಡಿಗರು ಇಲಿಗಳಲ್ಲಿ ಮಾಡಿದ ಪ್ರಯೋಗ. ವೈರಸ್ ಶ್ವಾಸಾಂಗಗಳಲ್ಲಿ ಮಾತ್ರ ಇರುವಂತೆ, ಮಿದುಳಿಗೆ ಹೋಗದಂತೆ ನೋಡಿಕೊಂಡು ಸೌಮ್ಯ ಸೋಂಕು ತರಿಸಿದರು. ಆದರೂ ವಾರಗಳ ನಂತರ ಮಿದುಳಿನಲ್ಲಿ ಮೈಕ್ರೋಗ್ಲಿಯಾ ಕೆರಳಿದ್ದವು, ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಕಡಿಮೆಯಾಗಿತ್ತು. ಎಚ್1ಎನ್1 ಫ್ಲೂ ತರಿಸಿದ ಇಲಿಗಳಲ್ಲಿಯೂ ಇಂಥ ಕೆಲವು ಬದಲಾವಣೆಗಳಿದ್ದವು. ಹಾಗಾಗಿ ಇದು ಕೋವಿಡ್ ಒಂದರದ್ದೇ ಗುಣವಲ್ಲ.

ಎಲ್ಲ ಉಸಿರಾಟದ ವೈರಸ್‌ಗಳೂ ಹೊರಗೇ ನಿಲ್ಲುತ್ತವೆ ಎಂದು ಮಾತ್ರ ತಿಳಿಯಬೇಡಿ. ದಡಾರವನ್ನು ನೋಡಿ. ಕೆಮ್ಮಿನ ಹನಿಗಳಿಂದ, ಗಾಳಿಯಿಂದ ಹರಡುವ ಸೋಂಕು ಅದು, ಅದಕ್ಕಿಂತ ವೇಗವಾಗಿ ಹರಡುವ ಕಾಯಿಲೆ ಇನ್ನೊಂದಿಲ್ಲ ಎನ್ನುವಷ್ಟು. ಬಹುಪಾಲು ಮಕ್ಕಳಲ್ಲಿ ಗುಳ್ಳೆ ಎದ್ದು, ಜ್ವರ ಬಂದು, ಹೋಗುತ್ತದೆ. ಆದರೆ ಕೆಲವರಲ್ಲಿ, ಅದರಲ್ಲೂ ಎರಡು ವರ್ಷ ತುಂಬುವ ಮೊದಲು ದಡಾರ ಬಂದವರಲ್ಲಿ, ವೈರಸ್ ಮಿದುಳಿಗೆ ದಾಟಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿದುಬಿಡುತ್ತದೆ. ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ ಕಳೆದ ಮೇಲೆ, ಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಮಗು ಹಿಂದೆ ಬೀಳುತ್ತದೆ. ಅಕ್ಷರ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ. ಊಟ ಮಾಡುವಾಗ ಕೈ ಒಮ್ಮೆಲೇ ಝಾಡಿಸಿ ತಟ್ಟೆ ಬೀಳುತ್ತದೆ. ಮೇಷ್ಟರು ಗಮನವಿಲ್ಲ ಎನ್ನುತ್ತಾರೆ, ಅಜ್ಜಿ ದೃಷ್ಟಿ ತೆಗೆಯುತ್ತಾರೆ. ಎಸ್‌ಎಸ್‌ಪಿಇ ಎಂಬ ಈ ಕಾಯಿಲೆಯನ್ನು ಗುಣಪಡಿಸುವ ಔಷಧಿ ಇಲ್ಲ. ಇದನ್ನು ಹತ್ತಿರದಿಂದ ಕಂಡ ಯಾರೂ ದಡಾರದ ಲಸಿಕೆಯನ್ನು ಹಗುರವಾಗಿ ಮಾತನಾಡಲಾರರು. ದಡಾರ–ರುಬೆಲ್ಲಾ ಲಸಿಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಒಂಬತ್ತು ತಿಂಗಳು ತುಂಬಿದಾಗ ಒಂದು, ಹದಿನಾರರಿಂದ ಇಪ್ಪತ್ನಾಲ್ಕನೇ ತಿಂಗಳೊಳಗೆ ಇನ್ನೊಂದು. ತಾಯಿ ಕಾರ್ಡಿನಲ್ಲಿ ಎರಡನೆಯ ಜಾಗ ಖಾಲಿ ಇರುವ ಮಕ್ಕಳು ನಮ್ಮ ನಡುವೆ ಇನ್ನೂ ಇದ್ದಾರೆ. ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳಲ್ಲಿ ಕೆಲಸಕ್ಕೆಂದು ಊರೂರು ತಿರುಗುವ ಕುಟುಂಬಗಳಲ್ಲಿ ಹೀಗಾಗುವುದು ಸುಲಭ. ಆಶಾ ಕಾರ್ಯಕರ್ತೆಯರು ಇಲ್ಲಿದ್ದೀರಿ, ಅವರನ್ನು ಹುಡುಕಿಕೊಂಡು ಹೋಗುವ ನಿಮ್ಮ ಕೆಲಸಕ್ಕೆ ಕೈಮುಗಿಯುತ್ತೇನೆ.

ಮತ್ತೊಂದು ಕಡೆ ಎಚ್ಚರವೂ ಬೇಕು. 1916ರಿಂದ ಸುಮಾರು ಹತ್ತು ವರ್ಷ ಜಗತ್ತಿನಾದ್ಯಂತ ಜನರನ್ನು ಜಡಗೊಳಿಸಿದ ನಿದ್ರಾ ರೋಗವೊಂದಿತ್ತು. ವಿಯೆನ್ನಾದ ಫಾನ್ ಇಕಾನಮೊ ಅದನ್ನು 1917ರಲ್ಲಿ ವಿವರಿಸಿದರು. 1918ರ ಮಹಾ ಫ್ಲೂ ಅದೇ ಕಾಲದಲ್ಲಿ ಬಂದದ್ದರಿಂದ ಇದಕ್ಕೂ ಅದೇ ಕಾರಣ ಎಂದು ಅನೇಕರು ನಂಬಿದರು. ನೂರು ವರ್ಷವಾದರೂ ಆ ನಂಟು ಸಾಬೀತಾಗಿಲ್ಲ. ಎರಡು ಒಟ್ಟಿಗೆ ಬಂದವು ಎಂದ ಮಾತ್ರಕ್ಕೆ ಒಂದು ಇನ್ನೊಂದರ ಮಗುವಲ್ಲ. ಇಂದು ಮರೆವು ಬಂದ ಎಲ್ಲರೂ ಕೋವಿಡ್ ಕಡೆ ಬೆರಳು ತೋರಿಸುವುದು ಕಂಡಾಗ ನನಗೆ ಇದು ನೆನಪಾಗುತ್ತದೆ. ಥೈರಾಯ್ಡ್ ಕಡಿಮೆಯಾದರೂ ಮಂಕು ಬರುತ್ತದೆ. ಬಿ-12 ಕಡಿಮೆಯಾದರೂ ಬರುತ್ತದೆ, ಮಾಂಸ, ಮೊಟ್ಟೆ ತಿನ್ನದವರಲ್ಲಿ ಇದು ಸಾಮಾನ್ಯ. ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ಕಟ್ಟುವವರಿಗೆ, ಖಿನ್ನತೆ ಇರುವವರಿಗೆ ಬರುತ್ತದೆ. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಮೊದಲು ಅವನ್ನು ಪರೀಕ್ಷಿಸಿಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆ ಇರುವವರಂತೂ ಮಾತ್ರೆ ತಪ್ಪಿಸಬಾರದು. ಇವೆರಡೂ ವೈರಸ್ಸಿನ ಸಹಾಯವಿಲ್ಲದೆಯೇ ಮಿದುಳಿನ ಇದೇ ಸೂಕ್ಷ್ಮ ನಾಳಗಳನ್ನು ವರ್ಷಾನುಗಟ್ಟಲೆ ಸವೆಸುತ್ತವೆ.

ಸೋರಿಕೆಯನ್ನು ಮುಚ್ಚುವ ಮಾತ್ರೆ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಅಂಥ ಔಷಧಿ ಇನ್ನೂ ಸಿದ್ಧವಾಗಿಲ್ಲ. ನಾಳದ ಕೋಶಗಳಿಗೆ ತಮ್ಮನ್ನು ತಾವೇ ಸರಿಪಡಿಸಿಕೊಳ್ಳುವ ಶಕ್ತಿ ಇದೆ, ಅದಕ್ಕೆ ಸಮಯ ಕೊಡಬೇಕು. ದುಡಿದ ಮರುದಿನ ಹಾಸಿಗೆ ಹಿಡಿಯುವಷ್ಟು ದಣಿವಾಗುತ್ತಿದ್ದರೆ ಜಿದ್ದಿಗೆ ಬಿದ್ದು ದುಡಿಯಬೇಡಿ, ಕೆಲಸವನ್ನು ಹಂಚಿಕೊಂಡು ಮಾಡಿ. ಮಂಡಿಯ ಆ ಪರಿಚಯದವರು ಹಾಗೆಯೇ ಮಾಡಿದರು. ಹರಾಜು ಕೂಗುವಾಗಲೇ ಇನ್ನೊಬ್ಬ ಹುಡುಗ ಮೊಬೈಲಿನಲ್ಲಿ ದರ ದಾಖಲಿಸುತ್ತಾನೆ, ಇವರು ಅದನ್ನು ನೋಡಿ ಚೀಟಿ ಬರೆಯುತ್ತಾರೆ. ಈಗ ಮೊದಲಿಗಿಂತ ಎಷ್ಟೋ ವಾಸಿ.

ಪ್ರಶ್ನೆಗಳು

ಒಬ್ಬ ವಿದ್ಯಾರ್ಥಿನಿ ಕೇಳಿದರು: «ಕೊರೊನಾದ ಸ್ಪೈಕ್ ಪ್ರೋಟೀನು ಮಿದುಳಿನ ಗೋಡೆ ದಾಟುತ್ತದೆ ಎಂದು ಓದಿದ್ದೇನೆ ಸಾರ್. ಲಸಿಕೆಯಿಂದಲೂ ಸ್ಪೈಕ್ ತಯಾರಾಗುತ್ತದೆಯಲ್ಲ?»

ಒಳ್ಳೆಯ ಪ್ರಶ್ನೆ, ಇದನ್ನು ಮುಚ್ಚುಮರೆ ಇಲ್ಲದೆ ಮಾತನಾಡಬೇಕು. ಸ್ಪೈಕ್ ಎಂದರೆ ವೈರಸ್ಸಿನ ಮೈಮೇಲೆ ಮುಳ್ಳಿನಂತೆ ನಿಂತಿರುವ ಪ್ರೋಟೀನು. ಅದರ ಎಸ್-1 ಎಂಬ ಭಾಗ ಇಲಿಗಳಲ್ಲಿ ಗೋಡೆ ದಾಟುತ್ತದೆ ಎಂದು ಅಮೆರಿಕದ ಸಿಯಾಟಲ್‌ನ ತಂಡ ತೋರಿಸಿದ್ದು ನಿಜ. ಅವರು ಶುದ್ಧ ಪ್ರೋಟೀನನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿದ್ದರು. ಲಸಿಕೆಯನ್ನು ತೋಳಿನ ಸ್ನಾಯುವಿಗೆ ಕೊಡುತ್ತಾರೆ. ರಕ್ತಕ್ಕೆ ಬರುವ ಪ್ರೋಟೀನು ಅತ್ಯಲ್ಪ. ಸೋಂಕಿನಲ್ಲಿ ವೈರಸ್ ಬೆಳೆಯುತ್ತಾ ಹೋಗುತ್ತದೆ, ಜೊತೆಗೆ ಉರಿಯೂತವೂ ಬೆಳೆಯುತ್ತದೆ. ಕೋವಿಶೀಲ್ಡ್ ಬಗೆಯ ಲಸಿಕೆಗಳಿಂದ ಅತ್ಯಪರೂಪವಾಗಿ, ಕೊಟ್ಟ ಕೆಲವೇ ವಾರಗಳಲ್ಲಿ, ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿದ ಪ್ರಕರಣಗಳಿದ್ದವು. ಅದೂ ನಿಜ. ಅದರ ದಾರಿ ಬೇರೆ, ಪ್ಲೇಟ್‌ಲೆಟ್‌ಗಳ ಒಂದು ಪ್ರೋಟೀನಿನ ವಿರುದ್ಧ ಪ್ರತಿಕಾಯ ಹುಟ್ಟಿ ಹಾಗಾಗುತ್ತದೆ. ಎರಡನ್ನೂ ತಕ್ಕಡಿಯಲ್ಲಿಟ್ಟು ನೋಡಿದರೆ ಮಿದುಳಿನ ನಾಳಗಳಿಗೆ ಸೋಂಕಿನಿಂದ ಇರುವ ಅಪಾಯವೇ ಬಹಳ ಹೆಚ್ಚು. ಫ್ಲೂ ಲಸಿಕೆಗೂ ಇದೇ ಮಾತು. ವೈರಸ್ ರೂಪ ಬದಲಿಸುವುದರಿಂದ ಅದನ್ನು ವರ್ಷಕ್ಕೊಮ್ಮೆ ತೆಗೆದುಕೊಳ್ಳಬೇಕು. ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಅಸ್ತಮಾ ಇರುವವರು ವೈದ್ಯರೊಂದಿಗೆ ಮಾತನಾಡಿ ಹಾಕಿಸಿಕೊಳ್ಳಿ.

ಅಂಗನವಾಡಿ ಕಾರ್ಯಕರ್ತೆಯೊಬ್ಬರು ಕೇಳಿದರು: «ಜ್ವರ ಬಂದ ಮಗುವಿಗೆ ಫಿಟ್ಸ್ ಬಂದರೆ ಅದು ಮಿದುಳಿಗೆ ಏರಿದೆ ಅಂತಲೇ ತಿಳಿಯಬೇಕೇ?»

ಇಲ್ಲ ಅಮ್ಮ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಜ್ವರದ ಜೊತೆ ಬರುವ ಫಿಟ್ಸ್ ಹೆಚ್ಚಾಗಿ ಸಾಧಾರಣವಾದದ್ದು. ಕೆಲವು ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮಗು ಎಂದಿನಂತೆ ನಿಮ್ಮನ್ನು ಗುರುತಿಸುತ್ತದೆ. ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಬಾಯಿಗೆ ಚಮಚವನ್ನಾಗಲಿ ಬೆರಳನ್ನಾಗಲಿ ಹಾಕಬೇಡಿ, ನೀರು ಕುಡಿಸಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಗಡಿಯಾರ ನೋಡಿ. ಮೊದಲ ಸಲವಾದರೆ ಫಿಟ್ಸ್ ನಿಂತ ಮೇಲೂ ಅಂದೇ ವೈದ್ಯರಿಗೆ ತೋರಿಸಿ. ಐದು ನಿಮಿಷ ದಾಟಿದರೆ, ಒಂದೇ ದಿನದಲ್ಲಿ ಮತ್ತೆ ಬಂದರೆ, ನಿಂತ ಮೇಲೂ ಮಗು ಮಂಪರಿನಲ್ಲೇ ಉಳಿದು ಎಬ್ಬಿಸಿದರೂ ಕಣ್ಣು ಬಿಡದಿದ್ದರೆ, ಕುತ್ತಿಗೆ ಬಿಗಿದಿದ್ದರೆ, ಒಂದು ಕಡೆಯ ಕೈಕಾಲು ಆಡದಿದ್ದರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ದೊಡ್ಡವರಲ್ಲಿಯೂ ಅಷ್ಟೇ. ಜ್ವರ ಬಂದವರು ಮನೆಯವರನ್ನೇ ಗುರುತಿಸದಂತಾದರೆ, ಅಸಂಬದ್ಧ ಮಾತನಾಡತೊಡಗಿದರೆ ಅದನ್ನು ಜ್ವರದ ಬಡಬಡಿಕೆ ಎಂದು ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರ ಯಾವತ್ತು ಶುರುವಾಯಿತು, ಫಿಟ್ಸ್ ಎಷ್ಟು ಹೊತ್ತು ಇತ್ತು, ಯಾವ ಮಾತ್ರೆ ಕೊಟ್ಟಿದ್ದೀರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅಲ್ಲಿನ ವೈದ್ಯರ ಅರ್ಧ ಗಂಟೆ ಉಳಿಯುತ್ತದೆ.